ಕಥೆ ಆಂಟಿ ದೂರ ಹೋಗ್ತಿದಾರೆ

ನನ್ನ ಮಗಳಿಗೆ ಆಗಷ್ಟೇ ನಾಲ್ಕು ವರ್ಷ ತುಂಬಿತ್ತು. ಮುಂದೆ ಮೊಬೈಲ್ ಇಡದಿದ್ದರೆ ಅವಳ ಬಾಯೊಳಗೆ ತುತ್ತು ಹೋಗುತ್ತಿರಲಿಲ್ಲ. ಬಣ್ಣದ ಬೊಂಬೆಗಳು ಕುಣಿಯುತ್ತಿದ್ದರೆ ಅನ್ನವೋ ಮುದ್ದೆಯೋ ನೋಡದೆ ನುಂಗುತ್ತಿದ್ದಳು. ನಿಲ್ಲಿಸಿದರೆ ಬೀದಿಯವರೆಲ್ಲ ಇಣುಕುವ ಹಾಗೆ ಕಿರುಚುತ್ತಿದ್ದಳು.

ನಾನು ಗುಬ್ಬಿಯ ಒಂದು ಮೆಡಿಕಲ್ ಸ್ಟೋರಿನಲ್ಲಿ ಫಾರ್ಮಸಿಸ್ಟ್. ಮನೆ ಇರುವುದು ತುಮಕೂರಿನಲ್ಲಿ. ದಿನಾ ಬೆಳಗ್ಗೆ ಪ್ಯಾಸೆಂಜರ್ ಗಾಡಿಯಲ್ಲಿ ಹೋಗಿ, ಸಂಜೆ ಬಸ್ಸಿನಲ್ಲಿ ವಾಪಸ್ ಬರುತ್ತೇನೆ. ನನ್ನ ಗಂಡನಿಗೆ ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಕೆಲಸ, ತಗಡು ಒತ್ತುವ ಪ್ರೆಸ್ ಮೆಷಿನ್ ಮೇಲೆ. ಎಂಟು ಗಂಟೆ ಆ ಸದ್ದಿನಲ್ಲಿ ನಿಂತು ಬಂದವರು ಮನೆಯಲ್ಲೂ ಕೂಗಿಯೇ ಮಾತಾಡುತ್ತಾರೆ. ಅವರಿಗೆ ಕೇಳಿಸಲಿ ಅಂತ ನಾನೂ ಕೂಗುತ್ತೇನೆ. ನಮ್ಮ ಮನೆಯಲ್ಲಿ ಜೋರು ದನಿ ಅನ್ನುವುದು ಗೋಡೆಗೆ ಹೊಡೆದ ಬಣ್ಣದ ಹಾಗೆ, ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಇದನ್ನು ಈಗ ಯಾಕೆ ಹೇಳುತ್ತಿದ್ದೇನೆ ಅಂದರೆ, ನಾವು ಇಷ್ಟು ಜೋರಾಗಿ ಮಾತಾಡುವವರಾಗಿರದಿದ್ದರೆ ನನಗೆ ಒಂದು ವರ್ಷ ಮುಂಚೆಯೇ ಗೊತ್ತಾಗುತ್ತಿತ್ತೇನೋ.

ರೈಲಿನಲ್ಲಿ ನನ್ನ ಪಕ್ಕ ದಿನಾ ಒಬ್ಬರು ನರ್ಸ್ ಕೂರುತ್ತಿದ್ದರು. ನನಗಿಂತ ಹದಿನೈದು ವರ್ಷ ದೊಡ್ಡವರು, ಗುಬ್ಬಿಯ ಆಸ್ಪತ್ರೆಯಲ್ಲಿ ಕೆಲಸ. ನಾನು ಅವರನ್ನು ಸಿಸ್ಟರ್ ಅಂತಲೇ ಕರೆಯುವುದು. ಮಗಳ ಮೊಬೈಲ್ ಹಟದ ಬಗ್ಗೆ ನಾನು ಗೋಳಾಡಿಕೊಂಡಾಗ ಅವರು ಕಿವಿಯಿಂದ ಒಂದು ಇಯರ್‌ಫೋನ್ ತೆಗೆದು ನನ್ನ ಕೈಗಿಟ್ಟರು.

"ಇದನ್ನ ಕೇಳು. ಪಾಡ್‌ಕಾಸ್ಟ್ ಅಂತಾರೆ. ಅಮ್ಮಂದಿರಿಗೆ, ಮಕ್ಕಳಿಗೆ ಅಂತಾನೇ ಮಾಡವ್ರೆ. ನೋಡೋಕೆ ಏನೂ ಇಲ್ಲ ಕಣೇ, ಬರೀ ಕೇಳೋದು. ನಮ್ಮ ಮೊಮ್ಮಗೂಗೆ ಇದನ್ನ ಹಾಕಿದ್ರೆ ಮೊಬೈಲ್ ಬೇಡ್ವೇ ಬೇಡ."

ಅಲ್ಲಿಯವರೆಗೆ ಪಾಡ್‌ಕಾಸ್ಟ್ ಅಂದರೆ ಇಬ್ಬರು ಗಂಡಸರು ದೊಡ್ಡ ಮೈಕು ಇಟ್ಟುಕೊಂಡು ರಾಜಕೀಯ ಮಾತಾಡುವುದು ಅಂತ ನಾನು ತಿಳಿದಿದ್ದೆ. ಇದು ಬೇರೆ. ಒಬ್ಬ ಹೆಂಗಸು, ನಮ್ಮ ಕಡೆಯದೇ ಕನ್ನಡ, ಮೊದಲ ಹತ್ತು ನಿಮಿಷ ಮಗುವಿಗೆ ಒಂದು ಕಥೆ ಹೇಳುತ್ತಾಳೆ. ಆಮೇಲೆ, "ಈಗ ಮಕ್ಕಳು ಆಡೋಕೆ ಹೋಗಿ, ನಾನು ಅಮ್ಮನ ಜೊತೆ ಸ್ವಲ್ಪ ಮಾತಾಡ್ಬೇಕು" ಅಂತ ಹೇಳಿ ತಾಯಂದಿರ ಕಡೆ ತಿರುಗುತ್ತಾಳೆ. ಮಗು ಊಟ ಬಿಟ್ಟರೆ ಏನು ಮಾಡಬೇಕು, ಸಿಟ್ಟು ಬಂದಾಗ ಏನು ಮಾಡಬಾರದು. ಒಂದು ಕಂತಿನಲ್ಲಿ ಅವಳು ತಾನು ಮಗನಿಗೆ ಹೊಡೆದದ್ದನ್ನು ಹೇಳಿಕೊಂಡಳು. ಹೊಡೆದ ಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳಂತೆ. ರೈಲು ಗುಬ್ಬಿಗೆ ಬಂದಿತ್ತು. ಸಿಸ್ಟರ್ ನನ್ನ ಭುಜ ಅಲ್ಲಾಡಿಸಿ ಇಳಿಸಿದರು. ನನ್ನ ಕೆನ್ನೆ ಒದ್ದೆಯಾಗಿತ್ತು. ಹಿಂದಿನ ದಿನವಷ್ಟೇ ನಾನೂ ಹೊಡೆದಿದ್ದೆ.

ಆ ಸಂಜೆಯೇ ಮನೆಯಲ್ಲಿ ಹಾಕಿದೆ. ಫೋನನ್ನು ಅಡುಗೆಮನೆಯ ಕಟ್ಟೆಯ ಮೇಲೆ ಮಲಗಿಸಿ ಮಗಳನ್ನು ಪಕ್ಕದಲ್ಲಿ ಕೂರಿಸಿದೆ. ಅವಳು ಕಪ್ಪು ಪರದೆಯನ್ನು ನೋಡಿದಳು, ಫೋನನ್ನು ಮಗುಚಿ ಹಿಂದೆ ನೋಡಿದಳು.

"ಅಮ್ಮ, ಆಂಟಿ ಎಲ್ಲಿ?"

"ಆಂಟಿ ಕಾಣಲ್ಲ ಕಂದ. ಮಾತು ಮಾತ್ರ ಕೇಳುತ್ತೆ."

"ಆಂಟಿ ಬಾಯಿ ಬೇಕು," ಅಂದಳು.

ನಾನು ನಕ್ಕುಬಿಟ್ಟೆ. ಅವಳು ಹೇಳಿದ್ದು ಎಷ್ಟು ನಿಜವಾದ ಮಾತು ಅಂತ ತಿಳಿಯಲು ನನಗೆ ಐದು ತಿಂಗಳು ಹಿಡಿಯಿತು.

ಆದರೂ ಒಂದು ವಾರದಲ್ಲಿ ಅಭ್ಯಾಸವಾಯಿತು. ಅವಳು ಫೋನನ್ನು ಎತ್ತಿ ಬಲಗೆನ್ನೆಗೆ ಒತ್ತಿಕೊಂಡು ಕೂತುಬಿಡುತ್ತಿದ್ದಳು. ಕಥೆಯಲ್ಲಿ ಕಪ್ಪೆ ಹಾರಿದರೆ ಇವಳ ಕಾಲು ಕುಣಿಯುತ್ತಿತ್ತು. ಅಜ್ಜಿ ಅಳಿಲಿಗೆ ಬೈದರೆ ಹುಬ್ಬು ಗಂಟಾಗುತ್ತಿತ್ತು. ನಾನು ಹಿಟ್ಟು ತೊಳಸುತ್ತಾ ಅವಳನ್ನೇ ನೋಡುತ್ತಿದ್ದೆ. ತಟ್ಟೆ ಇಟ್ಟರೆ ತಾನೇ ತಿನ್ನುತ್ತಿದ್ದಳು. ಕಥೆ ಮುಗಿದ ಮೇಲೆ ಫೋನು ನನ್ನ ಪಾಲಿಗೆ. ಪಾತ್ರೆ ತೊಳೆಯುವಾಗ, ಬಟ್ಟೆ ಮಡಚುವಾಗ ಆ ಹೆಂಗಸಿನ ಮಾತು ಕೇಳುತ್ತಾ ಇರುತ್ತಿದ್ದೆ. ಮದುವೆಯಾಗಿ ಬಂದ ಮೇಲೆ ನನ್ನ ಜೊತೆ ಅಷ್ಟು ಹೊತ್ತು ಯಾರೂ ಮಾತಾಡಿರಲಿಲ್ಲ. ನನ್ನ ಜೀವನದಲ್ಲಿ ಅದು ಒಳ್ಳೆಯ ಕಾಲ ಅಂತಲೇ ಅಂದುಕೊಂಡಿದ್ದೆ.

ಕಥೆ ಎಡಗಿವಿಗೂ ಕೇಳಲಿ ಅಂತ ಒಮ್ಮೆ ಆಟಕ್ಕೆ ಫೋನನ್ನು ಅವಳ ಎಡಗೆನ್ನೆಗೆ ಹಿಡಿದೆ. ಅವಳು ಕಸಿದು ಮತ್ತೆ ಬಲಕ್ಕೆ ಇಟ್ಟುಕೊಂಡಳು. ಇನ್ನೊಮ್ಮೆ ಹಿಡಿದೆ. ಈ ಸಲ ನನ್ನ ಕೈಗೆ ಕಚ್ಚಿದಳು. ಹಟಮಾರಿ ಅಂತ ಬೈದೆ.

ವಾರ ಬಿಟ್ಟು ವಾರ ನಾವು ಕುಣಿಗಲ್‌ಗೆ ಹೋಗುತ್ತಿದ್ದೆವು, ನನ್ನ ಅಮ್ಮನ ಮನೆಗೆ. ಊರಾಚೆ ಸ್ವಲ್ಪ ತೆಂಗಿನ ತೋಟವಿದೆ, ಮನೆ ಮುಂದೆ ಅಂಗಳ. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಂತಿದ್ದ ಮಗಳು ಒಂದು ಭಾನುವಾರ ಜಾರಿಬಿದ್ದಳು. ತಲೆಯ ಹಿಂದೆ ನಿಂಬೆಹಣ್ಣಿನ ಗಾತ್ರ ಊದಿತು. ರಕ್ತ ಬರಲಿಲ್ಲ. ಅಮ್ಮ ಅರಿಶಿನ ಹಚ್ಚಿ, ಬಾಯಿಗೆ ಬೆಲ್ಲ ಇಟ್ಟರು. ಅರ್ಧ ಗಂಟೆಯಲ್ಲಿ ಮತ್ತೆ ಕುಣಿಯುತ್ತಿದ್ದಳು. ವಾಂತಿ ಆಗುತ್ತಾ, ಮಂಕು ಕವಿಯುತ್ತಾ ಅಂತ ನಾನು ಸಂಜೆಯವರೆಗೂ ಕಾದು ನೋಡಿದೆ. ಔಷಧಿ ಅಂಗಡಿಯವಳಿಗೆ ಅಷ್ಟು ಗೊತ್ತಿರುತ್ತದೆ. ಗೊತ್ತಿದ್ದದ್ದು ಅಷ್ಟೇ.

ಮಂಗಳವಾರವೋ ಬುಧವಾರವೋ ಸಂಜೆ, ಕಥೆ ಕೇಳುತ್ತಾ ಕೂತವಳು ಫೋನನ್ನು ಕಿವಿಯಿಂದ ತೆಗೆದು ಅಲ್ಲಾಡಿಸಿದಳು.

"ಅಮ್ಮ, ಆಂಟಿ ಬಿಂದಿಗೆ ಒಳಗೆ ಕೂತ್ಕೊಂಡಿದಾರೆ."

ಫೋನು ತೆಗೆದುಕೊಂಡು ಕೇಳಿದೆ. ಸರಿಯಾಗಿಯೇ ಇತ್ತು. ಸದ್ದು ಸ್ವಲ್ಪ ಏರಿಸಿ ಕೊಟ್ಟೆ. ಎರಡು ದಿನ ಬಿಟ್ಟು ಇನ್ನೂ ಸ್ವಲ್ಪ. ಅದರ ಮುಂದಿನ ವಾರ ಫೋನೇ ಎಚ್ಚರಿಕೆ ತೋರಿಸಿತು, ಇಷ್ಟು ಜೋರಾಗಿ ಹೆಚ್ಚು ಹೊತ್ತು ಕೇಳಿದರೆ ಕಿವಿಗೆ ಒಳ್ಳೆಯದಲ್ಲ ಅಂತ. ನಾನು ಸರಿ ಅಂತ ಒತ್ತಿ ಮುಂದೆ ಹೋದೆ.

ಆಮೇಲೆ ಒಂದು ದಿನ ಅವಳು ತಾನಾಗಿಯೇ ಫೋನು ವಾಪಸ್ ಕೊಟ್ಟಳು. ಅಳಲಿಲ್ಲ, ಹಟ ಮಾಡಲಿಲ್ಲ.

"ಬೇಡಮ್ಮ. ಕಥೆ ಆಂಟಿ ದೂರ ಹೋಗ್ತಿದಾರೆ."

"ಎಲ್ಲಿಗೆ ಹೋಗ್ತಿದಾರೆ?"

"ಗೊತ್ತಿಲ್ಲ. ದಿನಾ ಹೋಗ್ತಾನೇ ಇದಾರೆ."

ಕುಕ್ಕರ್ ಕೂಗುತ್ತಿತ್ತು. ಅವಳಿಗೆ ಕಥೆ ಬೇಸರವಾಗಿದೆ, ಬೇರೆ ಪಾಡ್‌ಕಾಸ್ಟ್ ಹುಡುಕಬೇಕು ಅಂದುಕೊಂಡೆ. ಆದರೆ ಆ ಮಾತು ಎದೆಯಲ್ಲಿ ಎಲ್ಲೋ ಕೂತಿತು. ಮರುದಿನ ಅಂಗಡಿಯಲ್ಲಿ ಯಾರೋ ಹೆಂಗಸು ಕಿವಿಗೆ ಹಾಕುವ ಡ್ರಾಪ್ಸ್ ಕೇಳಿದರು. ಶೀಶೆ ಕೈಯಲ್ಲಿ ಹಿಡಿದವಳು ಕೊಡುವುದನ್ನೇ ಮರೆತು ನಿಂತುಬಿಟ್ಟೆ. ಆಕೆ, "ಏನಕ್ಕ, ಸ್ಟಾಕ್ ಇಲ್ವಾ?" ಅಂತ ಕೇಳಿದಾಗಲೇ ಎಚ್ಚರವಾದದ್ದು.

ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ಕರೆದ್ರೆ ತಿರುಗಲ್ಲಮ್ಮ ಇವಳು. ಮೂರು ಸಲ ಕೂಗ್ಬೇಕು."

"ಜಾಣ ಕಿವುಡು ಕಣೇ ಅದು," ಅಂತ ಅಮ್ಮ ನಕ್ಕರು. "ಚಾಕ್ಲೇಟ್ ಅಂದ್ರೆ ಪಿಸುಗುಟ್ಟಿದ್ರೂ ಕೇಳ್ತದೆ. ಅನ್ನ ತಿನ್ನು ಅಂದ್ರೆ ಕೇಳಾಕಿಲ್ಲ. ನೀನು ಚಿಕ್ಕೋಳಾಗಿದ್ದಾಗ ಹಿಂಗೇ ಇದ್ದೆ ಬುಡು."

ಅದೇ ಸಂಜೆ ಪರೀಕ್ಷೆ ಮಾಡಿದೆ. ಮಗಳು ಗೋಡೆ ಕಡೆ ಮುಖ ಮಾಡಿಕೊಂಡು ಬ್ಲಾಕ್ಸ್ ಜೋಡಿಸುತ್ತಿದ್ದಳು. ನಾನು ಹಿಂದೆ ನಿಂತು ಮೆಲ್ಲಗೆ, "ಚಾಕ್ಲೇಟ್ ಬೇಕಾ?" ಅಂದೆ. ಅವಳು ಕೆಂಪು ಬ್ಲಾಕಿನ ಮೇಲೆ ಹಳದಿ ಇಟ್ಟಳು. ಸ್ವಲ್ಪ ಜೋರಾಗಿ ಅಂದೆ. ಹಳದಿಯ ಮೇಲೆ ನೀಲಿ ಇಟ್ಟಳು. ಎದುರಿಗೆ ಹೋಗಿ ಕೂತು ಅದೇ ಮಾತನ್ನು ದನಿಯೇ ಇಲ್ಲದೆ, ತುಟಿ ಮಾತ್ರ ಆಡಿಸಿ ಕೇಳಿದೆ.

"ಬೇಕು!" ಅಂತ ಕೈ ಚಾಚಿದಳು.

ಗಂಡನಿಗೆ ಹೇಳಿದರೆ, ಆಟದಲ್ಲಿ ಮುಳುಗಿದ ಮಕ್ಕಳು ಹಾಗೇ ಅಂದರು. ಮುಂದಿನ ವಾರ ಶಿಫ್ಟ್ ಬದಲಾಗುತ್ತದೆ, ಆಗ ಡಾಕ್ಟರ ಹತ್ತಿರ ಹೋಗೋಣ ಅಂದರು. ನಾನೂ ಸರಿ ಅಂದೆ. ಒಂದು ವಾರದಲ್ಲಿ ಏನಾಗುತ್ತದೆ ಅಂತ ನನಗೆ ನಾನೇ ಹೇಳಿಕೊಂಡೆ.

ಆ ವಾರದ ಭಾನುವಾರ ನಾವು ಕುಣಿಗಲ್‌ನಲ್ಲಿದ್ದೆವು. ತೆಂಗಿನಕಾಯಿ ತುಂಬಿಕೊಂಡು ಹೋಗಲು ಒಂದು ಗೂಡ್ಸ್ ಆಟೋ ಬಂದಿತ್ತು. ಮಗಳು ಅಂಗಳದ ತುದಿಯಲ್ಲಿ ಬೆನ್ನು ಮಾಡಿ ಕೂತು ಕಡ್ಡಿಯಿಂದ ಮಣ್ಣಿನಲ್ಲಿ ಏನೋ ಗೀಚುತ್ತಿದ್ದಳು. ನಾನು ಒಳಗೆ ಅಮ್ಮನಿಗೆ ಕಾಯಿ ಎಣಿಸುವುದರಲ್ಲಿ ಸಹಾಯ ಮಾಡುತ್ತಿದ್ದೆ. ಆಟೋ ಹಿಂದಕ್ಕೆ ಬರುವ ಸದ್ದು ಕೇಳಿತು, ಹಿಂದೆ ಬರುವಾಗ ಅವು ಹಾಡುವ ಆ ಕೀರಲು ರಾಗ. ಆಮೇಲೆ ಹಾರನ್. ಮತ್ತೆ ಹಾರನ್. ಮೂರನೆಯ ಸಲ ಹಾರನ್ ನಿಲ್ಲಲೇ ಇಲ್ಲ. ನನ್ನ ಕೈಯಿಂದ ಕಾಯಿ ಬಿತ್ತು. ಯಾಕೆ ಓಡಿದೆನೋ ಗೊತ್ತಿಲ್ಲ. ಯಾರೂ ಕರೆದಿರಲಿಲ್ಲ.

ಹೊರಗೆ ಬಂದಾಗ ಆಟೋ ನಿಂತಿತ್ತು. ಅದರ ಹಿಂಬದಿಯ ತಗಡಿಗೂ ಮಗಳ ಬೆನ್ನಿಗೂ ನಡುವೆ ಒಂದು ಮೊಳ. ಅವಳು ಇನ್ನೂ ಗೀಚುತ್ತಲೇ ಇದ್ದಳು. ಡ್ರೈವರ್ ಇಳಿದು ಓಡಿಬಂದ.

"ಅಕ್ಕ, ಎಷ್ಟು ಹಾರನ್ ಹೊಡ್ದೆ ನಾನು! ಕನ್ನಡೀಲಿ ಮಗು ಕಾಣಿಸ್ತು, ಎದ್ದೋಯ್ತದೆ ಅಂದ್ಕಂಡೆ. ಅಲ್ಲಾಡ್ನೇ ಇಲ್ವಲ್ಲಕ್ಕ ಅದು!"

ಅಮ್ಮ ಬಾಗಿಲಲ್ಲೇ ನಿಂತಿದ್ದರು. ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಜಾಣ ಕಿವುಡು ಅಂತ ಆಮೇಲೆ ಅವರ ಬಾಯಲ್ಲಿ ಒಂದು ಸಲವೂ ಬರಲಿಲ್ಲ. ನಾನು ಹೋಗಿ ಮಗಳನ್ನು ಎತ್ತಿಕೊಂಡಾಗ ಅವಳು ಬೆಚ್ಚಿಬಿದ್ದು ತಿರುಗಿ ನೋಡಿದಳು. ಆಗಲೇ ಅವಳಿಗೆ ಆಟೋ ಕಂಡದ್ದು.

ಸೋಮವಾರ ಗಂಡನ ಬಿಡುವಿಗೆ ಕಾಯಲಿಲ್ಲ. ಸಿಸ್ಟರ್‌ಗೆ ಫೋನ್ ಮಾಡಿ ತುಮಕೂರಿನಲ್ಲಿ ಮಕ್ಕಳ ಕಿವಿ ಎಲ್ಲಿ ನೋಡುತ್ತಾರೆ ಅಂತ ಕೇಳಿಕೊಂಡು ಒಬ್ಬಳೇ ಕರೆದುಕೊಂಡು ಹೋದೆ. ಪರೀಕ್ಷೆ ಮಾಡುವವಳು ಚಿಕ್ಕ ವಯಸ್ಸಿನ ಹುಡುಗಿ, ನಗುಮುಖ. ಮೇಜಿನ ಮೇಲೆ ಚಿತ್ರಗಳನ್ನಿಟ್ಟು, "ಚೆಂಡು ಎಲ್ಲಿ ತೋರ್ಸು ಪುಟ್ಟಿ" ಅಂದಳು. ಮಗಳು ತೋರಿಸಿದಳು. ಮೀನು ತೋರಿಸಿದಳು, ಕಾಗೆ ತೋರಿಸಿದಳು. ಒಂದೂ ತಪ್ಪಲಿಲ್ಲ. ನನಗೆ ಉಸಿರು ಬಂತು. ಆಗ ಆ ಹುಡುಗಿ ಒಂದು ಹಾಳೆಯನ್ನು ಎತ್ತಿ ತನ್ನ ಬಾಯಿಗೆ ಅಡ್ಡ ಹಿಡಿದಳು.

"ಕೊಡೆ ಎಲ್ಲಿ?"

ಮಗಳು ಹಾಳೆಯನ್ನು ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ನಾನೇನಾದರೂ ಹೇಳುತ್ತೇನೋ ಅಂತ ನನ್ನ ತುಟಿಯನ್ನೇ ನೋಡುತ್ತಾ ಕೂತಳು. ನಾನು ಹೇಳುವ ಹಾಗಿರಲಿಲ್ಲ. ಆ ಕೋಣೆಯಲ್ಲಿ ತುಟಿ ಕಚ್ಚಿಕೊಂಡು ಕೂತ ಆ ಎರಡು ನಿಮಿಷದಷ್ಟು ಉದ್ದನೆಯ ಹೊತ್ತನ್ನು ನಾನು ಬೇರೆ ಕಂಡಿಲ್ಲ.

ಎಡಗಿವಿಯಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ಬಲಗಿವಿಯೂ ಇಳಿದಿತ್ತು. ಕಾರಣ ತಿಳಿಯಲು ಸ್ಕ್ಯಾನ್ ಬೇಕು ಅಂದರು.

ಸಂಜೆ ಗಂಡನಿಗೆ ಹೇಳಿದೆ. ಅವರು ಕಟ್ಟೆಯ ಮೇಲಿದ್ದ ನನ್ನ ಫೋನನ್ನು ಎತ್ತಿಕೊಂಡರು.

"ಇದೇ ಕಣೇ ಮಾಡಿದ್ದು. ದಿನಾ ಕಿವಿಗೆ ಒತ್ಕೊಂಡು ಕೂತಿರ್ತಿದ್ಲು. ಅಷ್ಟು ಸೌಂಡ್ ಇಟ್ಟು ಕೊಟ್ಟಿದ್ಯಾರು? ನೀನು ತಾನೆ?"

ಸದ್ದು ಏರಿಸಿದ್ದು ನಾನೇ. ಎಚ್ಚರಿಕೆ ಬಂದಾಗ ಒತ್ತಿ ಮುಂದೆ ಹೋದದ್ದೂ ನಾನೇ. ಅವರು ಪಾಡ್‌ಕಾಸ್ಟಿನ ಆ್ಯಪನ್ನು ತೆಗೆದುಹಾಕಿ ಫೋನನ್ನು ಸೋಫಾದ ಮೇಲೆ ಎಸೆದರು. ಸ್ಕ್ಯಾನ್ ಆಗಿ ರಿಪೋರ್ಟ್ ಬರುವವರೆಗೆ ನಮ್ಮ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಸುಮ್ಮನಾದ ಆ ಮನೆಯಲ್ಲಿ ಮಗಳು ಮಾತ್ರ ಎಂದಿನಂತೆ ಆಡಿಕೊಂಡಿದ್ದಳು. ಅವಳಿಗೆ ವ್ಯತ್ಯಾಸ ತಿಳಿಯಲಿಲ್ಲ ಅನ್ನುವುದಕ್ಕೇ ನನಗೆ ಭಯವಾಗುತ್ತಿತ್ತು. ನಾನು ರೈಲಿನಲ್ಲೂ ಏನನ್ನೂ ಕೇಳಲಿಲ್ಲ. ಸಿಸ್ಟರ್ ನನ್ನ ಕೈ ಹಿಡಿದುಕೊಂಡು ಕೂರುತ್ತಿದ್ದರು, ಅಷ್ಟೇ.

ರಿಪೋರ್ಟಿನ ದಿನ ಗಂಡ ರಜೆ ಹಾಕಿ ಬಂದರು. ಡಾಕ್ಟರಮ್ಮ ಚಿತ್ರವನ್ನು ಬೆಳಕಿಗೆ ಹಿಡಿದು ಒಂದು ಕಡೆ ಬೆರಳಿಟ್ಟರು. ಒಳಕಿವಿಯಲ್ಲಿ ಒಂದು ಸಣ್ಣ ನಾಳ ಇರುತ್ತದಂತೆ. ಇವಳಿಗೆ ಹುಟ್ಟಿನಿಂದಲೇ ಅದು ಇರಬೇಕಾದುದಕ್ಕಿಂತ ಅಗಲ.

"ಫೋನಿಂದ ಆಗಿದ್ದಾ ಮೇಡಂ?" ಗಂಡ ಕೇಳಿದರು.

"ಅಲ್ಲ. ಇದು ಹುಟ್ಟಿನಿಂದ ಬಂದಿದ್ದು. ಈಚೆಗೆ ಎಲ್ಲಾದ್ರೂ ಬಿದ್ದಿದ್ಲಾ? ತಲೆಗೆ ಪೆಟ್ಟು?"

ಒಗೆಯುವ ಕಲ್ಲಿನ ವಿಷಯ ಹೇಳಿದೆ. ಅವರು ತಲೆಯಾಡಿಸಿದರು. ಇಂಥ ಮಕ್ಕಳಿಗೆ ಸಣ್ಣ ಪೆಟ್ಟು ಬಿದ್ದರೂ ಕೇಳಿಸುವುದು ಒಂದು ಮೆಟ್ಟಿಲು ಕೆಳಗೆ ಇಳಿಯಬಹುದು, ಕೆಲವು ಸಲ ಏನೂ ಆಗದೆಯೂ ಇಳಿಯಬಹುದು, ಇಳಿದದ್ದು ಮತ್ತೆ ಮೇಲೆ ಬರುತ್ತದೆ ಅಂತ ಹೇಳುವ ಹಾಗಿಲ್ಲ ಅಂದರು. ಸದ್ಯಕ್ಕೆ ಕೇಳಿಸುವ ಮೆಷಿನ್ ಹಾಕೋಣ. ಬಲಗಿವಿಯೂ ಹೋದರೆ ಆಪರೇಷನ್ ಮಾಡಿ ಒಳಗೆ ಯಂತ್ರ ಕೂರಿಸಬಹುದು, ಹೆದರಬೇಡಿ. ಆದರೆ ಯಾವಾಗ ಹೋಗುತ್ತದೆ, ಹೋಗುತ್ತದೋ ಇಲ್ಲವೋ, ಅದು ಮಾತ್ರ ಯಾರಿಗೂ ಗೊತ್ತಿಲ್ಲ.

"ನಿಮಗೆ ಹೇಗೆ ಅನುಮಾನ ಬಂತು?" ಅಂತ ಕೊನೆಯಲ್ಲಿ ಕೇಳಿದರು.

ಪಾಡ್‌ಕಾಸ್ಟ್ ವಿಷಯ ಹೇಳಿದೆ. ಅವರು ಚಿತ್ರವನ್ನು ಮೇಜಿನ ಮೇಲಿಟ್ಟರು.

"ವಿಡಿಯೋನೇ ನೋಡ್ಕೊಂಡಿದ್ದಿದ್ರೆ ಇನ್ನೂ ಒಂದು ವರ್ಷ ನಿಮಗೆ ಗೊತ್ತಾಗ್ತಿರ್ಲಿಲ್ಲ. ಈ ಮಗು ಮುಖ ನೋಡೇ ಎಲ್ಲಾ ಅರ್ಥ ಮಾಡ್ಕೊಳ್ತಿತ್ತು. ಬರೀ ದನಿ ಕೊಟ್ರಲ್ಲ, ಅವಾಗ ಸಿಕ್ಕಿಬಿತ್ತು."

ಹೊರಗೆ ಬಂದು ಸ್ಕೂಟರ್ ಹತ್ತಿರ ನಿಂತಾಗ ಗಂಡ ನನ್ನ ಕಡೆ ಕೈ ಚಾಚಿದರು. "ಫೋನ್ ಕೊಡಿಲ್ಲಿ," ಅಂದರು. ನನ್ನನ್ನು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು, ಅದೇ ಕೊನೆ. ಅಲ್ಲೇ ಬಿಸಿಲಲ್ಲಿ ನಿಂತು ಅವರು ಆ ಆ್ಯಪನ್ನು ಮತ್ತೆ ಹಾಕಿದರು. ಅದರ ಹೆಸರು ಅವರಿಗೆ ನೆನಪಿರಲಿಲ್ಲ. ನಾನು ಹೇಳುತ್ತಾ ಹೋದೆ, ಅವರು ಒಂದೊಂದೇ ಅಕ್ಷರ ಒತ್ತಿದರು.

ಈಗ ಅವಳ ಎರಡು ಕಿವಿಯ ಹಿಂದೆಯೂ ಗುಲಾಬಿ ಬಣ್ಣದ ಮೆಷಿನ್ ಇದೆ. ಫೋನಿನಿಂದ ಕಥೆ ಸೀದಾ ಅದರೊಳಗೆ ಹೋಗುತ್ತದೆ, ಹೊರಗೆ ಯಾರಿಗೂ ಕೇಳಿಸುವುದಿಲ್ಲ. ಸಂಜೆ ಅವಳು ಗೋಡೆಗೊರಗಿ ಕೂತು ಒಬ್ಬಳೇ ಕಿಲಕಿಲ ನಗುತ್ತಾಳೆ. ಯಾವುದಕ್ಕೆ ನಕ್ಕಳು ಅಂತ ನನಗೆ ಗೊತ್ತಾಗುವುದಿಲ್ಲ. ಆ ಕಂತನ್ನು ಮರುದಿನ ರೈಲಿನಲ್ಲಿ ಕೇಳುತ್ತೇನೆ, ಇಲ್ಲಿ ನಕ್ಕಿರಬೇಕು ಅಂತ ಅಂದಾಜು ಮಾಡುತ್ತೇನೆ. ಗಂಡ ಈಗ ಅವಳ ಹತ್ತಿರ ಮಾತಾಡುವ ಮೊದಲು ಮಂಡಿಯೂರಿ ಎದುರಿಗೆ ಕೂರುತ್ತಾರೆ. ಅಮ್ಮ ಕುಣಿಗಲ್‌ನ ಒಗೆಯುವ ಕಲ್ಲನ್ನು ಕೀಳಿಸಿ ಬೇಲಿಯಾಚೆ ಹಾಕಿಸಿದ್ದಾರೆ.

ಆದರೆ ಮಕ್ಕಳು ಓಡದೆ ಇರುತ್ತಾರೆಯೇ? ಜಾರುಬಂಡೆ ಬೇಡ, ಸೈಕಲ್ ಬೇಡ, ಮಂಚದಿಂದ ಹಾರಬೇಡ ಅಂತ ದಿನಾ ಅನ್ನುತ್ತೇನೆ. ಬೀದಿಯಲ್ಲಿ ಚೆಂಡು ಪುಟಿದರೂ ಬಾಗಿಲಿಗೆ ಓಡುತ್ತೇನೆ. ಬೆಳಗ್ಗೆ ಅವಳು ಕಣ್ಣು ಬಿಡುವ ಮೊದಲು, ಮೆಷಿನ್ ಹಾಕದೆಯೇ, ಬಲಗಿವಿಯ ಹತ್ತಿರ ಬಾಗಿ ಅವಳ ಹೆಸರು ಕರೆಯುತ್ತೇನೆ. ರೆಪ್ಪೆ ಅಲ್ಲಾಡಿದರೆ ಆ ದಿನಕ್ಕೆ ಎದ್ದು ಹಾಲು ಕಾಯಿಸುತ್ತೇನೆ. ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ ಹೋಗುತ್ತೇವೆ. ಎಷ್ಟು ಕೇಳಿಸುತ್ತದೆ ಅಂತ ಹಾಳೆಯ ಮೇಲೆ ಒಂದು ಗೆರೆ ಎಳೆದು ಕೊಡುತ್ತಾರೆ. ಹೋದ ಸಲದ ಗೆರೆ ಅದರ ಹಿಂದಿನ ಸಲದ್ದಕ್ಕಿಂತ ಒಂದು ಕೂದಲೆಳೆ ಕೆಳಗಿತ್ತು. ಅಳತೆಯಲ್ಲಿ ಅಷ್ಟು ಹೆಚ್ಚುಕಡಿಮೆ ಇರುತ್ತದೆ ಅಕ್ಕ ಅಂತ ಆ ನಗುಮುಖದ ಹುಡುಗಿ ಹೇಳಿದಳು. ಹೇಳುವಾಗ ಅವಳು ನಗುತ್ತಿರಲಿಲ್ಲ.

ಈಚೆಗೆ ಮಗಳಿಗೆ ಹೊಸ ಹುಚ್ಚು. ತಾನೂ ಪಾಡ್‌ಕಾಸ್ಟ್ ಮಾಡಬೇಕಂತೆ. ಭಾನುವಾರ ಬೆಳಗ್ಗೆ ನನ್ನ ಫೋನನ್ನು ಲೋಟಕ್ಕೆ ಒರಗಿಸಿ ನಿಲ್ಲಿಸಿ, ಗಂಟಲು ಸರಿ ಮಾಡಿಕೊಂಡು ಒಂದು ಕಥೆ ಹೇಳುತ್ತಾಳೆ. ಸಿಂಹದ ಕಥೆ, ಶಾಲೆಗೆ ಹೋದ ಶಂಖದ ಹುಳುವಿನ ಕಥೆ. ಕೊನೆಗೆ, "ಈಗ ಮಕ್ಕಳು ಆಡೋಕೆ ಹೋಗಿ" ಅಂತ ಗಂಭೀರವಾಗಿ ಹೇಳಿ, ನನ್ನ ಕಡೆ ತಿರುಗಿ, ಅಮ್ಮನಿಗೆ ಏನು ಹೇಳಬೇಕು ಅಂತ ತಿಳಿಯದೆ ನಿಂತುಬಿಡುತ್ತಾಳೆ.

ಮೆಷಿನ್ ಇದ್ದರೂ ಸಣ್ಣ ಸದ್ದಿನ ಅಕ್ಷರಗಳು ಅವಳಿಗೆ ಚೆನ್ನಾಗಿ ಸಿಗುವುದಿಲ್ಲ. ಸಿಗದ ಅಕ್ಷರ ಬಾಯಿಯಿಂದಲೂ ಮೆಲ್ಲಗೆ ಜಾರುತ್ತದೆ, ದಿನಾ ಹೇಳಿಸುತ್ತಿರಿ ಅಂತ ಡಾಕ್ಟರಮ್ಮ ಹೇಳಿದ್ದಾರೆ. ಅವಳು ರೆಕಾರ್ಡ್ ಮಾಡಿದ ಕಥೆಗಳನ್ನೆಲ್ಲ ನಾನು ವಾರದ ಪ್ರಕಾರ ಸಾಲಾಗಿ ಉಳಿಸಿಟ್ಟಿದ್ದೇನೆ. ಗುಬ್ಬಿಗೆ ಹೋಗುವಾಗ ಮೊದಲನೆಯದನ್ನು ಹಾಕಿಕೊಂಡು ಕೇಳುತ್ತೇನೆ, ಆಮೇಲೆ ಇತ್ತೀಚಿನದನ್ನು. ಮೊದಲನೆಯದರಲ್ಲಿ ಸಿಂಹ ಸಿಂಹವೇ ಆಗಿತ್ತು. ಈಗ ಅದು ಇಂಹ ಆಗಿದೆ. ಮನೆಯಲ್ಲಿ ನಾನು, "ಸಿಂಹ" ಅಂತ ಮತ್ತೆ ಮತ್ತೆ ಹೇಳಿಕೊಡುತ್ತೇನೆ, ಅವಳು ನನ್ನ ತುಟಿ ನೋಡಿ ಸರಿಯಾಗಿ ಹೇಳುತ್ತಾಳೆ. ಲೋಟದ ಮುಂದೆ ಕೂತಾಗ ಮತ್ತೆ ಇಂಹ.

ಈ ವಾರದ್ದನ್ನು ಇವತ್ತು ಬೆಳಗ್ಗೆ ಎರಡು ಸಲ ಕೇಳಿದೆ. ರೈಲಿನ ಸದ್ದಿನಲ್ಲಿ ಸ್ಪಷ್ಟವಾಗಲಿಲ್ಲ ಅಂತ ಗುಬ್ಬಿ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತು ಮೂರನೆಯ ಸಲ ಕೇಳಿದೆ. ಶಾಲೆಯ ಶ ಇನ್ನೂ ಇದೆ.